ಲೈಬ್ರರಿಯ ಮುಯ್ಯಿ

ನಮ್ಮೂರಿನ ಲೈಬ್ರರಿಗೆ ಮುಯ್ಯಾಳು ಕರೆದವಳು ನಾನೇ. ನಿಮ್ಮ ಚಿಕ್ಕಜ್ಜಿ, ಅಂದರೆ ನನ್ನ ವಾರಗಿತ್ತಿ, ಈ ಕತೆಯನ್ನು ಹೋದಲ್ಲೆಲ್ಲ ಹೇಳುತ್ತಾಳೆ. ಅವಳ ಬಾಯಲ್ಲಿ ಕೇಳಿದರೆ ಹೊಟ್ಟೆ ಹಿಡಿದು ನಗುತ್ತೀರಿ. ನಡೆಯುವಾಗ ನನಗೆ ನಗು ಬಂದಿರಲಿಲ್ಲ. ಆ ಬೇಸಿಗೆಯೆಲ್ಲ ನಾನು ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಆಕಾಶ ನೋಡಿಕೊಂಡು ತಿರುಗಿದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಿಮಗೆ ಬರೆದಿಡುತ್ತಿದ್ದೇನೆ.

ಮುಯ್ಯಾಳು ಎಂದರೆ ಏನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ, ಮಕ್ಕಳೇ. ಇವತ್ತು ನಮ್ಮ ಗದ್ದೆಯ ನಾಟಿಗೆ ಪಕ್ಕದ ಮನೆಯಿಂದ ಒಬ್ಬರು ಬಂದರೆ, ಅವರ ನಾಟಿಯ ದಿನ ನಮ್ಮ ಮನೆಯಿಂದ ಒಬ್ಬರು ಹೋಗಬೇಕು. ಕೂಲಿ ಕೊಡುವಂತಿಲ್ಲ, ಕೇಳುವಂತಿಲ್ಲ. ಕರೆದ ಮನೆಯವರು ಊಟ ಹಾಕಬೇಕು, ಅಷ್ಟೇ. ಈಗ ಗದ್ದೆ ಮಾಡುವವರೇ ಕಮ್ಮಿ. ಕಾಫಿ ಕೆಲಸಕ್ಕೆ ಎಲ್ಲೆಲ್ಲಿಂದಲೋ ಆಳುಗಳು ಬಂದು ಎಸ್ಟೇಟಿನ ಲೈನ್ ಮನೆಗಳಲ್ಲಿದ್ದಾರೆ. ಆದರೂ ನಮ್ಮಂಥ ಸಣ್ಣ ಹಿಡುವಳಿಯವರಲ್ಲಿ ಮುಯ್ಯಿ ಇನ್ನೂ ಉಳಿದಿದೆ. ಕಾಳುಮೆಣಸು ಬಿಡಿಸುವುದಕ್ಕೆ, ಚಪ್ಪರ ಹಾಕುವುದಕ್ಕೆ, ಯಾರದಾದರೂ ಕೊಟ್ಟಿಗೆಯ ಹೆಂಚು ತಿರುವುವುದಕ್ಕೆ ಈಗಲೂ ಒಬ್ಬರನ್ನೊಬ್ಬರು ಕರೆಯುತ್ತಾರೆ.

ಲೈಬ್ರರಿ ಇರುವುದು ರೇಷನ್ ಅಂಗಡಿಯ ಪಕ್ಕದಲ್ಲಿ. ಒಂದು ಕೋಣೆ, ಮುಂದೊಂದು ಜಗುಲಿ. ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ಹೆಂಚು. ಅದು ಶುರುವಾದಾಗಿನಿಂದ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ ಅಂತ ಹೇಳಿದರೂ ಸುಳ್ಳಲ್ಲ. ಅಲ್ಲಿ ಗಂಡಸರು ಕೂತು ಪೇಪರ್ ಓದುತ್ತಿದ್ದರು. ನಾವು ಅಕ್ಕಿ ತೆಗೆದುಕೊಂಡು ತಲೆ ಬಗ್ಗಿಸಿ ಮನೆಗೆ ಬರುತ್ತಿದ್ದೆವು.

ನಿಮ್ಮ ಅಜ್ಜ ಹೋದ ಮೇಲೆ ನನಗೆ ಒಂದು ಕಡೆ ಕೂರುವುದು ಆಗದೆ ಹೋಯಿತು. ಒಲೆ ಮುಂದೆ ಕೂತರೆ ಕೊಟ್ಟಿಗೆ ನೆನಪಾಗುತ್ತಿತ್ತು. ಕೊಟ್ಟಿಗೆಗೆ ಹೋದರೆ ಯಾಕೆ ಬಂದೆ ಅನ್ನುವುದು ಮರೆಯುತ್ತಿತ್ತು. ಟಿವಿ ಹಾಕುತ್ತಿದ್ದೆ, ಆರಿಸುತ್ತಿದ್ದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ನಿಮ್ಮ ಮಾವ ಒಂದು ದಿನ, "ಅವ್ವ, ಆ ಅಂಗಳ ಸವೆದು ಹಳ್ಳ ಬೀಳ್ತದೆ, ಬುಡು" ಅಂದ. ಹೀಗಿರುವಾಗ ಒಂದು ಸಲ ರೇಷನ್ ಅಂಗಡಿ ತೆಗೆಯುವುದು ತಡವಾಗಿ, ಬಿಸಿಲಿಗೆ ಲೈಬ್ರರಿಯ ಜಗುಲಿ ಹತ್ತಿದೆ. ಲೈಬ್ರರಿ ನೋಡಿಕೊಳ್ಳುವ ಮೇಡಂ, ಇನ್ನೂ ಸಣ್ಣ ಹೆಂಗಸು, ಹೆಗ್ಗದ್ದೆ ಕಡೆಯವಳು, "ಒಳಗೆ ಬನ್ನಿ ಅಮ್ಮಾ, ಯಾರೂ ಇಲ್ಲ" ಅಂದಳು. ಯಾರೂ ಇಲ್ಲ ಅಂದದ್ದಕ್ಕೇ ನಾನು ಒಳಗೆ ಹೋದದ್ದು. ಕೈಗೆ ಸಿಕ್ಕಿದ ಒಂದು ಪುಸ್ತಕ ಬಿಡಿಸಿದೆ. ತಲೆ ಎತ್ತಿದಾಗ ರೇಷನ್ ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಎಷ್ಟೋ ತಿಂಗಳ ಮೇಲೆ ನಾನು ಎದ್ದೇಳದೆ ಕೂತದ್ದು ಅದೇ ಮೊದಲು. ಆಮೇಲೆ ದಿನವೂ ಹೋಗತೊಡಗಿದೆ. ಕಿಟಕಿ ಪಕ್ಕ ಗೋಡೆಗೆ ಒರಗಿ, ಯಾರ ಜೊತೆಗೂ ಮಾತಾಡದೆ ಓದಿ ಬರುತ್ತಿದ್ದೆ. ಅಲ್ಲಿ ನನ್ನ ಜೀವಕ್ಕೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ಕೋಣೆಯ ತೊಲೆಗೆ ಗೆದ್ದಲು ಹತ್ತಿದ್ದು ಗೊತ್ತಾಯಿತು. ರೀಪುಗಳು ಬಿಲ್ಲಿನ ಹಾಗೆ ಬಗ್ಗಿದವು. ಪುಸ್ತಕಗಳ ಮೈಮೇಲೆ ಬೂಷ್ಟು. ಮಳೆ ನಿಂತು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಪಂಚಾಯ್ತಿ ಮೆಂಬರು ಬಂದು ನೋಡಿ, ಜಗುಲಿಯಲ್ಲೇ ನಿಂತು ಹೇಳಿಬಿಟ್ಟರು. "ನೋಡಿ ಮೇಡಂ, ಮುಂದಿನ ಮಳೆಗಾಲ ಇದು ತಡ್ಯಲ್ಲ. ಅಷ್ಟ್ರೊಳ್ಗೆ ರಿಪೇರಿ ಆದ್ರೆ ಸರಿ. ಇಲ್ದಿದ್ರೆ ಪುಸ್ತಕ ಎಲ್ಲ ಪಂಚಾಯ್ತಿ ಆಫೀಸ್ ಹತ್ರ ಹೊಸ ಬಿಲ್ಡಿಂಗಿಗೆ ಸಾಗಿಸ್ಬುಡ್ತೀವಿ. ನೀವೂ ಅಲ್ಲಿಗೇ ಬನ್ನಿ."

ಪಂಚಾಯ್ತಿ ಆಫೀಸಿನ ಊರು ನಮಗೆ ದೂರ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡೆದು ಹೋಗೋಣ ಅಂದರೆ ದಾರಿಯ ತೋಟದಲ್ಲಿ ಯಾವಾಗ ಆನೆ ನಿಂತಿರುತ್ತದೋ ಹೇಳಲಾಗುವುದಿಲ್ಲ. ಅದೆಲ್ಲ ಇರಲಿ, ಗಂಡ ಸತ್ತ ಹೆಂಗಸು ಬೇರೆ ಊರಿಗೆ ಹೋಗಿ ಸುಮ್ಮನೆ ಕೂತು ಬರುತ್ತಾಳೆ ಅಂದರೆ ಯಾರಿಗೆ ಏನಂತ ಹೇಳುವುದು? ಪುಸ್ತಕ ಅಲ್ಲಿಗೆ ಹೋದರೆ ನನ್ನ ಪಾಲಿಗೆ ಹೋದ ಹಾಗೇ. ಮೆಂಬರು ಬೈಕು ಹತ್ತಿ ಹೋದ ಮೇಲೆ ಆ ಕಿಟಕಿ ಪಕ್ಕ ನನಗೆ ಕೂರಲು ಆಗಲಿಲ್ಲ.

ಮೇಡಂ ಸುಮ್ಮನಿರುವವಳಲ್ಲ. ಮನೆ ಮನೆ ಸುತ್ತಿದಳು. ಮೇಲಿನ ಎಸ್ಟೇಟಿನವರು ತೊಲೆಗೆ, ರೀಪಿಗೆ ಒಣಗಿದ ಮರ ಕೊಡುತ್ತೇವೆ ಅಂದರು. ಇನ್ನೊಬ್ಬರು ಕೆಡವಿದ ಲೈನ್ ಮನೆಯ ಹೆಂಚು ರಾಶಿ ಬಿದ್ದಿದೆ, ಒಡೆಯದ್ದು ಆರಿಸಿಕೊಳ್ಳಿ ಅಂದರು. ಟ್ರ್ಯಾಕ್ಟರಿನವರು ಮರಳು ಹೊಡೆದುಕೊಟ್ಟರು. ಮರಗೆಲಸದ ಆಚಾರಿ ತನ್ನ ಕೆಲಸಕ್ಕೆ ಏನೂ ಬೇಡ, ಕಾಫಿ ಕೊಡಿ ಸಾಕು ಅಂದ. ಸಾಮಾನೆಲ್ಲ ಬಂದು ಬಿತ್ತು. ಬೇಕಾಗಿದ್ದದ್ದು ಕೈಗಳು. ಮೇಡಂ ಊರಿನ ವಾಟ್ಸಾಪ್ ಗುಂಪಿಗೆ 'ಭಾನುವಾರ ಶ್ರಮದಾನ, ಎಲ್ಲರೂ ಬನ್ನಿ' ಅಂತ ಹಾಕಿದಳು. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಭಾನುವಾರ ಬಂದವರು ಮೇಡಂ, ಆಚಾರಿ, ನಾನು, ಮತ್ತೆ ರೇಷನ್ ಅಂಗಡಿಯ ನಾಯಿ.

ಆಚಾರಿ ಬೀಡಿ ಹಚ್ಚಿ ನಕ್ಕ. "ಶ್ರಮದಾನ ಅಂದ್ರೆ ಜನಕ್ಕೆ ಗೊತ್ತು ಬುಡಿ ಮೇಡಂ. ಹೊಸ ಪೊರಕೆ ಹಿಡ್ಕಂಡು ಸಾಲಾಗಿ ನಿಂತ್ಕಳೋದು, ಫೋಟೋ ಹೊಡ್ಸೋದು, ಪೊರಕೆ ಮನೇಗೆ ಹೊತ್ಕಂಡು ಹೋಗೋದು."

ಮಾರನೆಯ ಬೆಳಗ್ಗೆ ಡೇರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತಿದ್ದೆ. ಹೆಂಗಸರೆಲ್ಲ ಅದೇ ಮಾತು. ಭಾನುವಾರ ಯಾರೂ ಹೋಗಲಿಲ್ಲವಂತೆ, ಪಾಪ ಆ ಹುಡುಗಿ, ಹೋಗಲಿ ಬಿಡು ಆಫೀಸಿನ ಹತ್ತಿರವೇ ಇರಲಿ ಅಂತ. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆವತ್ತು ಅದೇನಾಯಿತೋ, ಕ್ಯಾನಿನ ಮುಚ್ಚಳ ತಿರುಗಿಸುತ್ತಾ, "ಶ್ರಮದಾನಕ್ಕೆ ಬರ್ಬೇಡಿ. ಮುಯ್ಯಾಳು ಅಂತ ಬನ್ನಿ" ಅಂದುಬಿಟ್ಟೆ.

ಒಂದು ಗಳಿಗೆ ಎಲ್ಲರೂ ನನ್ನನ್ನೇ ನೋಡಿದರು.

"ಯಾರ ಮನೆ ಮುಯ್ಯಿಗೆ?" ಅಂತ ಒಬ್ಬಳು ಕೇಳಿದಳು.

"ಲೈಬ್ರರೀದು."

"ಆಂ, ಹಂಗನ್ನು" ಅಂದಳು ಮೇಲ್ಮನೆಯ ಅತ್ತೆ. ಆಕೆ ನಮಗೆ ದೂರದ ನೆಂಟಳು, ನಿಮ್ಮ ಅಜ್ಜನಿಗೆ ಸೋದರತ್ತೆ ವರಸೆ. ಈಗಲೂ ತೋಟಕ್ಕೆ ಕತ್ತಿ ಹಿಡಿದು ಹೋಗುವ ಹೆಂಗಸು. ಆಕೆ ಹಂಗನ್ನು ಅಂದರೆ ಊರು ಒಪ್ಪಿದ ಹಾಗೆ.

ಮುಂದಿನ ಭಾನುವಾರ ಜನ ಬಂದದ್ದು ನೋಡಿ ಮೇಡಂ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮನೆಗೊಬ್ಬರಂತೆ ಬಂದಿದ್ದರು. ಕೆಲವು ಮನೆಯಿಂದ ಇಬ್ಬರು. ಗಂಡಸರು ಏಣಿ, ಹಗ್ಗ ತಂದಿದ್ದರು. ಹೆಂಗಸರು ಸೆರಗು ಸಿಕ್ಕಿಸಿಕೊಂಡೇ ಬಂದರು. ಮೊದಲು ಪುಸ್ತಕ ಖಾಲಿ ಮಾಡಬೇಕಿತ್ತು. ಕಾಫಿ ತುಂಬುವ ಗೋಣಿಚೀಲಗಳಿಗೆ ಪುಸ್ತಕ ತುಂಬಿ ಬಾಯಿ ಕಟ್ಟಿದೆವು. ಒಂದೇ ಕಡೆ ಇಡಲು ಜಾಗವಿರಲಿಲ್ಲ. ಹಾಗಾಗಿ ಮನೆಗೊಂದು ಎರಡು ಚೀಲದಂತೆ, ಕಾಫಿ ಸ್ಟೋರಿನಲ್ಲೋ ಅಟ್ಟದ ಮೇಲೋ ಇಟ್ಟುಕೊಳ್ಳಿ ಅಂತ ಹಂಚಿದೆವು. ಆಮೇಲೆ ಹೆಂಚು ಇಳಿಸಿದರು. ಕೈಯಿಂದ ಕೈಗೆ ಹೆಂಚು ಬರುತ್ತಿದ್ದರೆ ಅದರ ಹಿಂದೆ ಧೂಳು, ಇಲಿಯ ಗೂಡು, ಯಾವುದೋ ಕಾಲದ ಜೇನಿನ ತಟ್ಟಿ ಎಲ್ಲ ಇಳಿದವು.

ಮಧ್ಯಾಹ್ನ ಆಯಿತು. ಎಲ್ಲರೂ ಕೈ ತೊಳೆದು ಜಗುಲಿಯಲ್ಲಿ ಸಾಲಾಗಿ ಕೂತರು. ಕೂತವರು ಯಾರೂ ಏಳಲಿಲ್ಲ. ವಾರಗಿತ್ತಿ ನನ್ನ ಪಕ್ಕೆಗೆ ತಿವಿದಳು.

"ಅಕ್ಕಾ, ಊಟ ಎಲ್ಲಿ?"

"ಯಾವ ಊಟ?"

"ಅಯ್ಯೋ ಮಾರಾಯ್ತಿ! ಮುಯ್ಯಿಗೆ ಕರ್ದೋಳು ನೀನು. ಊಟ ಯಾರ್ ಹಾಕ್ತಾರೆ, ಪುಸ್ತಕ ಹಾಕ್ತಾವಾ?"

ಓಡಿದೆವು ಇಬ್ಬರೂ. ಅವಳ ಮನೆಯ ಸಾರು, ನಮ್ಮ ಮನೆಯ ಅನ್ನ, ದಾರಿಯಲ್ಲಿ ಎರಡು ಮನೆಯಿಂದ ಕಡುಬು, ಉಪ್ಪಿನಕಾಯಿ ಎಲ್ಲ ಎತ್ತಿಕೊಂಡು ಬಂದು ಬಡಿಸಿದೆವು. ತಿಂದು ಎದ್ದವರು, "ಲೈಬ್ರರಿ ಮನೆ ಸಾರು ಪರ್ವಾಗಿಲ್ಲ, ಉಪ್ಪು ಒಂಚೂರು ಮುಂದು" ಅಂದರು. ಆ ದಿನವೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಆಚಾರಿ ಮತ್ತು ಅವನ ಅಳಿಯ ಹಳೆಯ ತೊಲೆ ತೆಗೆದು ಹೊಸದು ಕೂರಿಸಿದರು, ರೀಪು ಹೊಡೆದರು. ಅದು ಮುಗಿಯಿತು. ಇನ್ನು ಹೆಂಚು ಹೊದಿಸುವುದಕ್ಕೆ ಜನ ಬೇಕು. ಮೇಡಂ ಗುಂಪಿಗೆ ಹಾಕಿದಳು. ಈ ಸಲ ಹೆಬ್ಬೆರಳೂ ಬರಲಿಲ್ಲ. ನಾನು ಮನೆ ಮನೆಗೆ ಹೋಗಿ ಕೇಳಿದೆ. ಯಾರೂ ಇಲ್ಲ ಅನ್ನಲಿಲ್ಲ. "ನೋಡಣ ಅಕ್ಕಾ" ಅಂದರು, ಕಾಫಿ ಕೊಟ್ಟರು, ಬೇರೆ ಮಾತು ತೆಗೆದರು. ಒಂದು ವಾರ ಆನೆ ನೆಪ. ಹೊಂಗಡಹಳ್ಳದ ಕಡೆಯಿಂದ ಗುಂಪು ಇಳಿದಿದೆ, ತೋಟಕ್ಕೆ ಯಾರೂ ಹೋಗಬೇಡಿ ಅಂತ ಮೊಬೈಲಿಗೆ ಸುದ್ದಿ ಬಂತು. ಅದು ನೆಪವಲ್ಲ, ನಿಜವೇ. ಆದರೆ ಆನೆ ದಾಟಿ ಹೋದ ಮೇಲೂ ಯಾರೂ ಬರಲಿಲ್ಲ.

ಅಷ್ಟರಲ್ಲಿ ಹೂಮಳೆಯ ಕಾಲ ಬಂತು. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿಕೊಂಡು ಮಳೆ ಕಾಯುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಹೂವು, ಹೂವಾದರೆ ಬರುವ ವರ್ಷದ ಬೆಳೆ. ಊರಿಗೆ ಊರೇ ಪಡುವಣದ ಕಡೆ ನೋಡಿಕೊಂಡು ಮಳೆ ಬರಲಪ್ಪ ಅಂತಿತ್ತು. ನಮ್ಮ ಮನೆಯಲ್ಲೂ ನಿಮ್ಮ ಮಾವ ದಿನಕ್ಕೆ ಎಷ್ಟು ಸಲ ಅಂಗಳಕ್ಕೆ ಇಳಿದು ಮೋಡ ನೋಡುತ್ತಿದ್ದನೋ. ನಾನೂ ಅವನ ಹಿಂದೆಯೇ ಇಳಿಯುತ್ತಿದ್ದೆ. ಅವನು ಮೋಡ ಕಂಡು ಖುಷಿಪಟ್ಟರೆ ನಾನು ರೇಷನ್ ಅಂಗಡಿಯ ಕಡೆ ನೋಡುತ್ತಿದ್ದೆ. ಅಲ್ಲಿ ಲೈಬ್ರರಿಯ ಗೋಡೆಗಳು ತಲೆಗೆ ಬಟ್ಟೆಯಿಲ್ಲದೆ ನಿಂತಿವೆ. ಹಸಿ ಮಣ್ಣಿನ ಇಟ್ಟಿಗೆ, ಒಂದು ಜೋರು ಮಳೆ ಹೊಡೆದರೆ ಕರಗಿ ಕೂರುತ್ತವೆ. ಹೊದಿಸೋಣ ಅಂದರೆ ಊರಿನ ಟಾರ್ಪಾಲೆಲ್ಲ ಕಣದಲ್ಲಿ ಮೆಣಸಿನ ಕೆಳಗೆ ಹಾಸಿಕೊಂಡಿವೆ. ನಮ್ಮ ಬೆಳೆಗೆ ಮಳೆ ಬೇಕು, ನನಗೆ ಬೇಡ. ದೇವರ ಮುಂದೆ ದೀಪ ಹಚ್ಚಿ ಏನು ಬೇಡಿಕೊಳ್ಳಲಿ ಅಂತ ತಿಳಿಯದೆ ಸುಮ್ಮನೆ ಕೈ ಮುಗಿದು ಬರುತ್ತಿದ್ದೆ. ಬೆಳಗ್ಗೆ ಎದ್ದು ಲೈಬ್ರರಿಯ ಹತ್ತಿರ ಹೋಗುವುದು, ಗೋಡೆ ಮುಟ್ಟುವುದು, ವಾಪಸ್ಸು ಬರುವುದು. ಮಧ್ಯಾಹ್ನ ಮತ್ತೆ. ರೇಷನ್ ಅಂಗಡಿಯ ನಾಯಿಯೇ ನನ್ನನ್ನು ಕಂಡು ಬೇಸತ್ತು ಏಳುವುದು ಬಿಟ್ಟಿತು.

ಕೊನೆಗೆ ತಡೆಯಲಾರದೆ ಮೇಲ್ಮನೆಗೆ ಹೋದೆ. ಅತ್ತೆ ಕಣದಲ್ಲಿ ಕೂತು ಹೆಂಗಸರ ಜೊತೆ ಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುತ್ತಿದ್ದಳು.

"ಅತ್ತೆ, ನೀವೇ ಹೇಳಿ. ಜನ ಯಾಕೆ ಬರ್ತಿಲ್ಲ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಆಕೆ ತಲೆ ಎತ್ತದೆ ಕೇಳಿದಳು. "ನಾವು ಒಂದಿನ ಬಂದ್ವೋ ಇಲ್ವೋ?"

"ಬಂದ್ರಿ."

"ನಿನ್ ಲೈಬ್ರರಿ ನಮ್ಮನೇಗೆ ಬಂತಾ?"

ನಾನು ಅಲ್ಲೇ ಕಣದ ಅಂಚಿನಲ್ಲಿ ಕುಕ್ಕರಿಸಿದೆ.

"ಒಂದು ಮುಯ್ಯಿ ತೀರ್ಸದೆ ಇನ್ನೊಂದು ಮುಯ್ಯಿಗೆ ಕರೀತಾರೇನೇ? ನಿಮ್ಮತ್ತೆ ಮನೇಲಿ ಇದ್ನೆಲ್ಲ ಕಲೀನೇ ಇಲ್ವಾ ನೀನು? ಶ್ರಮದಾನ ಅಂದಿದ್ರೆ ಬೇರೆ ಮಾತು. ಬತ್ತಿದ್ವೋ ಬಿಡ್ತಿದ್ವೋ, ಲೆಕ್ಕ ಇರ್ಲಿಲ್ಲ. ಮುಯ್ಯಿ ಅಂದೆ. ಮುಯ್ಯಿ ಅಂದ್ಮೇಲೆ ಮುಯ್ಯೀನೇ."

ಕೂತಿದ್ದ ಹೆಂಗಸರೆಲ್ಲ ಕಿಸಕ್ಕಂತ ನಕ್ಕರು. ಆದರೆ ಅತ್ತೆ ತಮಾಷೆಗೆ ಹೇಳಿದ್ದಲ್ಲ. ಅವರು ಬರದೇ ಇದ್ದದ್ದರಲ್ಲಿ ಸಿಟ್ಟಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ನಾನು ಹೇಳಿದ ಮಾತನ್ನು ಅವರು ಕೊಟ್ಟ ಮಾತು ಅಂತಲೇ ತೆಗೆದುಕೊಂಡಿದ್ದರು. ಮುಯ್ಯಿ ತೀರಿಸದ ಮನೆಗೆ ಎರಡನೆಯ ಸಲ ಹೋಗುವುದು ಹೋಗುವವರಿಗೂ ಮರ್ಯಾದೆಯಲ್ಲ, ಕರೆಯುವವರಿಗೂ ಅಲ್ಲ.

ಮನೆಗೆ ಬಂದು ಹೇಳಿದರೆ ನಿಮ್ಮ ಮಾವ ತಲೆ ಚಚ್ಚಿಕೊಂಡ. "ಅವ್ವ, ಲೈಬ್ರರಿಗೆ ಕೈಕಾಲು ಐತಾ ಮುಯ್ಯಿಗೆ ಹೋಗಕ್ಕೆ? ನೀನು ಊಟ ಬೇರೆ ಹಾಕ್ಬುಟ್ಟಿದೀಯ. ಈಗ ಊರೆಲ್ಲ ಲೈಬ್ರರಿ ಅಂದ್ರೆ ನೀನೇ ಅನ್ಕಂಡವ್ರೆ."

ಅದೇ ನಿಜವಾಗಿತ್ತು. ಲೈಬ್ರರಿಗೆ ಕೈಕಾಲು ಇರಲಿಲ್ಲ, ನನಗೆ ಇತ್ತು. ಮಾರನೆಯ ದಿನವೇ ಮೇಲ್ಮನೆಯ ಕಣಕ್ಕೆ ಹೋಗಿ ಗೋಣಿ ಹಾಸಿಕೊಂಡು ಕೂತೆ. "ಲೈಬ್ರರಿ ಮುಯ್ಯಿ" ಅಂದೆ. ಅತ್ತೆ ಮೆಣಸಿನ ರಾಶಿ ನನ್ನ ಕಡೆ ತಳ್ಳಿದಳು.

ವಯಸ್ಸಿನಲ್ಲಿ ನಾನೂ ಮೆಣಸು ಬಿಡಿಸುವುದರಲ್ಲಿ ಹಿಂದೆ ಬಿದ್ದವಳಲ್ಲ. ಈಗ ಬೆರಳ ಗಂಟುಗಳು ಬಗ್ಗುವುದಿಲ್ಲ. ಸ್ವಲ್ಪ ಹೊತ್ತಿಗೇ ಬೆನ್ನು ಹಿಡಿಯಿತು. ಪಕ್ಕದವರ ಮುಂದೆ ಗುಡ್ಡೆಯಾಗಿದ್ದರೆ ನನ್ನ ಮುಂದೆ ಒಂದು ಬೊಗಸೆ. ತಲೆಯೊಳಗೆ ಬೇರೆ ಲೆಕ್ಕ ಓಡುತ್ತಿತ್ತು. ಇದು ಒಂದು ಮನೆ. ಇನ್ನು ಊರಿನ ಎಲ್ಲ ಮನೆಗೂ ಹೀಗೆ ಹೋಗಿ ಬರುವಷ್ಟರಲ್ಲಿ ಹೂಮಳೆಯಲ್ಲ, ಮುಂಗಾರೇ ಬಂದು ಹೋಗುತ್ತದೆ. ಎದ್ದು ಒಮ್ಮೆ ಪಡುವಣ ನೋಡಿದೆ. ಕೂತೆ. ಮತ್ತೆ ಎದ್ದೆ.

"ಏನೇ ಅದು, ಇರುವೆ ಕಚ್ದಂಗೆ ಆಡ್ತೀಯ?" ಅಂದಳು ಅತ್ತೆ. "ಕೈಯಂತೂ ಓಡ್ತಿಲ್ಲ ನಿಂದು. ಇದು ಮುಯ್ಯಾಳಾ, ನೆಂಟ್ರಾ?"

"ಬೆನ್ನು ಹಿಡ್ಕಂಡೈತೆ ಅತ್ತೆ."

"ಸರಿ, ಕೈ ಬುಡು. ಬಾಯಿ ಆಡ್ಸು. ಸ್ಟೋರ್‌ನಾಗೆ ನಿನ್ ಲೈಬ್ರರಿ ಚೀಲ ಅವೆ. ಅದ್ರಲ್ಲೇನೈತೆ ಅಂತ ತೆಗ್ದು ಓದು. ನಮ್ಗೂ ಹೊತ್ತು ಹೋಗ್ತದೆ."

ಮಕ್ಕಳೇ, ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸಿದರೆ ನನ್ನ ದನಿ ಮುಂದಿನ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಆಮೇಲೆ ಜೋರಾಗಿ ಓದುವ ಸಂದರ್ಭವೇ ಬರಲಿಲ್ಲ. ಲೈಬ್ರರಿಯಲ್ಲೂ ತುಟಿ ಅಲ್ಲಾಡಿಸದೆ ಓದುತ್ತಿದ್ದೆ. ಸ್ಟೋರಿಗೆ ಹೋಗಿ ಚೀಲದ ಬಾಯಿ ಬಿಚ್ಚಿದೆ. ಇಲ್ಲೇ ಹಿಂದಿನ ಬಾಗಿಲಿಂದ ಮನೆಗೆ ಹೋಗಿಬಿಡಲಾ ಅನ್ನಿಸಿತು. ಹೋಗಿದ್ದರೆ ಅಲ್ಲಿಗೆ ಲೈಬ್ರರಿಯೂ ಹೋಗುತ್ತಿತ್ತು. ಮೇಲಿದ್ದ ಒಂದು ಪುಸ್ತಕ ತೆಗೆದುಕೊಂಡು ಬಂದೆ. ಅದಕ್ಕೆ ರಟ್ಟು ಇರಲಿಲ್ಲ, ಹೆಸರಿನ ಹಾಳೆಯೂ ಇರಲಿಲ್ಲ. ಮೊದಲ ಕೆಲವು ಪುಟ ಗೆದ್ದಲಿನ ಹೊಟ್ಟೆಗೆ ಹೋಗಿದ್ದವು. ಯಾವುದೋ ಊರಿಗೆ ಮದುವೆ ಅಡುಗೆಗೆ ಹೊರಟ ಒಬ್ಬ ಅಡುಗೆಯವನು ರೈಲಿನಲ್ಲಿ ನಿದ್ದೆ ಹೋಗಿ ಗೊತ್ತಿಲ್ಲದ ಸ್ಟೇಷನ್ನಿನಲ್ಲಿ ಇಳಿದುಬಿಡುವ ಕತೆ.

ಓದತೊಡಗಿದೆ.

"ಕೇಳಲ್ಲ!" ಅಂತ ಆ ತುದಿಯಿಂದ ಕೂಗಿದರು.

ಸ್ವಲ್ಪ ಗಟ್ಟಿ ಓದಿದೆ.

"ಸೊಳ್ಳೆ ಗುಂಯ್ ಅಂದಂಗೆ ಐತೆ ಕಣಕ್ಕಾ. ಹಾಲು ಕರೆಯೋವಾಗ ಎಮ್ಮೆಗೆ ಬೈತೀಯಲ್ಲ, ಆ ದನೀಲಿ ಓದು!"

ಎಲ್ಲರೂ ನಕ್ಕರು. ನನಗೂ ನಗು ಬಂತು. ನಗುವಿನ ಜೊತೆ ಗಂಟಲು ಬಿಟ್ಟಿತು. ಒಂದು ಪುಟ ಆಯಿತು, ಎರಡಾಯಿತು. ತಡವರಿಸಿದರೆ ಯಾರೂ ಏನೂ ಅನ್ನಲಿಲ್ಲ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಕಣ್ಣೆಲ್ಲ ಮೆಣಸಿನ ಮೇಲೆ, ಕಿವಿ ಮಾತ್ರ ಅಡುಗೆಯವನ ಕಡೆ. ಅವನು ಸ್ಟೇಷನ್ ಮಾಸ್ತರನ ಹತ್ತಿರ ಇದು ಯಾವ ಊರು ಅಂತ ಕೇಳದೆ, ಗೊತ್ತಿದ್ದವನ ಹಾಗೆ ಗತ್ತಿನಲ್ಲಿ ಹೊರಗೆ ನಡೆಯುತ್ತಾನೆ. ಅಲ್ಲಿಗೆ ಜಗಳ ಹತ್ತಿತು.

"ಕೇಳಕ್ಕೇನು ಅವನ್ಗೆ ಬಾಯಿಗೆ ಬೀಗಾನಾ?"

"ಗಂಡಸ್ರು ಎಲ್ ಕೇಳ್ತಾರೆ. ನಮ್ಮನೆಯೋರು ಹಾಸನಕ್ಕೆ ಹೋದ್ರೆ ದಾರಿ ತಪ್ಪಿ ಅರ್ಧ ದಿನ ಸುತ್ತಾರೆ, ಕೇಳಲ್ಲ."

"ಅವ್ನೇನಾದ್ರೂ ಕಾಡ್ ಮಧ್ಯದ ಎಡಕುಮೇರೀಲಿ ಇಳ್ದಿದ್ರೆ ಗೊತ್ತಾಗದು. ಗತ್ತು ಯಾರಿಗೆ ತೋರ್ಸ್ತಿದ್ದ, ಕೋತಿಗಾ?"

ಅತ್ತೆ ಮಾತ್ರ ಬೇರೆಯೇ ಕೇಳಿದಳು. "ಅಲ್ವೇ, ಅವ್ನ ನಂಬ್ಕಂಡಿದ್ದ ಮದುವೆ ಮನೆ ಗತಿ ಏನಾಯ್ತು? ಅದನ್ನ ಬರ್ದಿಲ್ವಾ?" ಅದು ಮುಂದೆ ಬರಬಹುದು ಅಂದೆ. ನನಗೂ ಗೊತ್ತಿರಲಿಲ್ಲ. ಸಂಜೆಯಾಗುವವರೆಗೂ ಓದಿದೆ. ಗಂಟಲು ಕಟ್ಟಿತ್ತು, ಆದರೆ ಮಧ್ಯೆ ಒಮ್ಮೆಯೂ ಎದ್ದು ಮೋಡ ನೋಡಿರಲಿಲ್ಲ ಅನ್ನುವುದು ಗೋಣಿ ಕೊಡವುವಾಗ ಹೊಳೆಯಿತು. ಹೊಳೆದ ಕೂಡಲೇ ಮತ್ತೆ ಪಡುವಣ ನೋಡಿದೆ. ಕಪ್ಪು ಕಟ್ಟಿತ್ತು.

"ಹಂಗಾದ್ರೆ ನಿಮ್ಮನೆ ಮುಯ್ಯಿ ತೀರ್ತಾ ಅತ್ತೆ?" ಅಂತ ಕೇಳಿದೆ.

ಅತ್ತೆ ಯೋಚನೆ ಮಾಡಿದಳು. "ಅರ್ಧಾಳು."

"ಅರ್ಧಾನಾ?"

"ಕೂತ್ಕಂಡು ಓದೋದು ಒಂದಾಳು ಹೆಂಗಾಯ್ತದೆ? ಊಟ ಬೇರೆ ಪೂರ್ತಿ ಮಾಡಿದೀಯ. ಇನ್ನರ್ಧಕ್ಕೆ ನಾಳೆ ಬಾ. ಆ ಅಡ್ಗೆಯೋನ್ನ ಮಧ್ಯದಾಗೆ ಬುಟ್ಟು ಹೋಗ್ಬೇಡ."

ರಾತ್ರಿಯೊಳಗೆ ಸುದ್ದಿ ಊರೆಲ್ಲ ಹರಡಿತು. ಹರಡಿದವಳು ನನ್ನ ವಾರಗಿತ್ತಿ. ಬೆಳಗ್ಗೆ ಡೇರಿಯಲ್ಲಿ ಒಬ್ಬೊಬ್ಬರೂ, "ನಮ್ಮನೇಗೆ ಯಾವತ್ತು?" ಅಂತ ಕೇಳತೊಡಗಿದರು. ಮೆಣಸು ಇಲ್ಲದವರು ಹುಣಸೆ ಬಿಡಿಸುವುದಿದೆ ಅಂದರು. ಏನೂ ಇಲ್ಲದ ಒಬ್ಬಳು, "ನಮ್ಮನೇಲಿ ಕೆಲ್ಸ ಇಲ್ಲ, ಆದ್ರೂ ಬಾ" ಅಂದಳು. ನನಗೆ ಗಾಬರಿ. ಇಷ್ಟೂ ಮನೆ ಮುಗಿಸುವವರೆಗೆ ಗೋಡೆ ನಿಲ್ಲಬೇಕಲ್ಲ! ಹಾಲಿನ ಕ್ಯಾನು ಕೆಳಗಿಟ್ಟೆ. ವಾರಗಿತ್ತಿಯೇ ಮುಂದೆ ನಿಂತಳು.

"ಎಲ್ರ ಮನೇಗೂ ಬತ್ತಾಳೆ, ನಾನು ಜಾಮೀನು. ತೀರ್ಸಕ್ಕೆ ಶುರು ಹಚ್ಕಂಡವ್ಳಲ್ಲ, ಇನ್ನೇನ್ ಬೇಕ್ರೇ ನಿಮ್ಗೆ? ಮಳೆ ಬಂದು ಗೋಡೆ ಬಿದ್ದೋದ್ರೆ ಪುಸ್ತಕ ಪಂಚಾಯ್ತಿಯೋರು ತಗಂಡೋಗ್ತಾರೆ. ಆಮೇಲೆ ಮುಯ್ಯಿಗೆ ಇವ್ಳು ಏನ್ ಓದ್ತಾಳೆ, ಕರೆಂಟ್ ಬಿಲ್ಲಾ?"

ಆ ಮಾತು ನಾಟಿತು. ಮಧ್ಯಾಹ್ನ ಕಳೆಯುವುದರೊಳಗೆ ಜನ ಲೈಬ್ರರಿಯ ಮುಂದಿದ್ದರು.

ಹೆಂಚು ಏರಿಸಲು ಸಾಲು ನಿಂತೆವು. ಆಚಾರಿ ಮೇಲೆ ಕೂತು ಹೊದಿಸುತ್ತಾ ಹೋದ. ಗಾಳಿ ಬೀಸತೊಡಗಿತು. ರಸ್ತೆಯ ಕಡೆಯ ಇಳಿಜಾರು ಮುಗಿಯಿತು. ಹಿಂದಿನ ಇಳಿಜಾರಿಗೆ ಕೈ ಹಾಕಿದಾಗ ಮೊದಲ ಹನಿ ನನ್ನ ಮುಂಗೈ ಮೇಲೆ ಬಿತ್ತು. ಕಡಲೆ ಗಾತ್ರದ ಹನಿ. ಸಾಲಿನಲ್ಲಿದ್ದವರೆಲ್ಲ "ಬಂತು!" ಅಂತ ಒಟ್ಟಿಗೆ ಕೂಗಿದರು. ಆ ಕೂಗಿನಲ್ಲಿ ಖುಷಿ ಎಷ್ಟು, ಭಯ ಎಷ್ಟು ಅಂತ ಯಾರೂ ಬಿಡಿಸಿ ಹೇಳಲಾರರು. ಎಷ್ಟು ದಿನದಿಂದ ಕಾದ ಮಳೆ, ತೋಟದಲ್ಲಿ ಅವರ ಬೆಳೆಗೆ ಜೀವ ಬರುತ್ತಿತ್ತು. ಕಣ್ಣ ಮುಂದೆ ಗೋಡೆಯಿಂದ ಕೆಂಪು ನೀರು ಇಳಿಯುತ್ತಿತ್ತು.

"ಸುಮ್ನೆ ನೋಡ್ತೀರೇನ್ರೋ, ಹೆಂಚು ಕೊಡ್ರೋ!" ಅಂತ ಆಚಾರಿ ಮೇಲಿಂದ ಬೈದ.

ಯಾರೋ ಮೆಣಸು ಸ್ಟೋರಿಗೆ ತಳ್ಳಿ, ಟಾರ್ಪಾಲು ಹೊತ್ತು ಓಡಿ ಬಂದರು. ಮೇಲ್ಮನೆಯ ಅತ್ತೆಯ ಮನೆಯದು. ನಾಲ್ಕು ಜನ ಅದನ್ನು ತೆರೆದ ಗೋಡೆಯ ಮೇಲೆ ಚಾಚಿ ಹಿಡಿದರು. ಅದರ ಕೆಳಗಿನಿಂದಲೇ ನಾವು ಹೆಂಚು ದಾಟಿಸಿದೆವು. ಒದ್ದೆ ಹೆಂಚು ಜಾರುತ್ತಿತ್ತು. ಕಣ್ಣಿಗೆ ನೀರು ಇಳಿದು ಮುಂದಿನವರ ಕೈ ಕಾಣುತ್ತಿರಲಿಲ್ಲ. ಕೊನೆಯ ಸಾಲು ಕೂರಿಸುವಷ್ಟರಲ್ಲಿ ಹಿಂದಿನ ಮೂಲೆಯ ಗೋಡೆ ಒಂದು ಗೇಣು ಜಗ್ಗಿ ಹೊಟ್ಟೆ ಬಿಟ್ಟಿತು. ಬೀಳಲಿಲ್ಲ. ಆಚಾರಿ ಇಳಿದು ಬಂದು ಅದಕ್ಕೊಂದು ಕಂಬ ಒತ್ತು ಕೊಟ್ಟ. ಆ ಕಂಬ ಈಗಲೂ ಹಾಗೇ ಇದೆ.

ಎಂಟು ಹತ್ತು ದಿನ ಬಿಟ್ಟು ಮೆಂಬರು ಬಂದರು. ತೋಟವೆಲ್ಲ ಆಗ ಬೆಳ್ಳಗೆ ಹೂವು ಬಿಟ್ಟಿತ್ತು. ಒಳಗೆ ಸುಣ್ಣದ ವಾಸನೆ. ಎಸ್ಟೇಟಿನವರು ಕೊಟ್ಟ ಸಿಲ್ವರ್ ಓಕ್ ಮರದ ಹಲಗೆಯಿಂದ ಹೊಸ ಕಪಾಟು ಆಗಿತ್ತು. ಮನೆ ಮನೆಯಿಂದ ಪುಸ್ತಕದ ಚೀಲ ವಾಪಸ್ಸು ಬರುತ್ತಿದ್ದವು. ಎಲ್ಲ ಬಂದಿರಲಿಲ್ಲ. ನನ್ನ ಸರದಿ ಬರದ ಮನೆಯವರು ಚೀಲ ಕೊಟ್ಟಿರಲಿಲ್ಲ. "ಬಂದು ಓದಿ ಹೋಗ್ಲಿ, ಆಮೇಲೆ ಹೊತ್ಕಂಡು ಹೋಗಿ" ಅಂದಿದ್ದರು. ಮೆಂಬರು ಕಂಬ ಅಲ್ಲಾಡಿಸಿ ನೋಡಿದರು, ತಲೆ ಎತ್ತಿ ತೊಲೆ ನೋಡಿದರು.

"ಈ ವರ್ಷ ಇಲ್ಲೇ ಇರ್ಲಿ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡಣ" ಅಂದರು.

ಈ ವರ್ಷ ಅಂದದ್ದು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಉಳಿದವರಿಗೆ ಅದು ಕೇಳಿಸಲೇ ಇಲ್ಲ. ಜಗುಲಿಯಲ್ಲಿ ಕೂತಿದ್ದ ಮೇಲ್ಮನೆಯ ಅತ್ತೆ ಕೇಳಿದ್ದೇ ಬೇರೆ.

"ಅದಿರ್ಲಿ ಸ್ವಾಮಿ. ಹೆಂಚು ಇಳ್ಸಕ್ಕೊಂದಿನ, ಏರ್ಸಕ್ಕೊಂದಿನ. ಎರಡ್ನೇ ದಿನದ್ದು ಮುಯ್ಯಿ ಯಾರ್ ತೀರ್ಸ್ತಾರೆ?"

ಮೆಂಬರಿಗೆ ಅರ್ಥವಾಗದೆ ಮೇಡಂ ಮುಖ ನೋಡಿದರು. ಮೇಡಂ ನನ್ನ ಮುಖ ನೋಡಿದಳು.

"ನಾನೇ" ಅಂದೆ. ಜಗುಲಿಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಅಂದೆನಂತೆ. ವಾರಗಿತ್ತಿ ಆಮೇಲೆ ಹೇಳಿದಳು.

"ಮುಂದಿನ ವರ್ಷ ಪುಸ್ತಕ ಸಾಗಿಸ್ತೀವಿ ಅಂತ ಯಾರಾದ್ರೂ ಬಂದ್ರೆ ಮೂರ್ನೇ ದಿನಕ್ಕೂ ಬತ್ತೀರ?" ಅಂತಲೂ ಕೇಳಿದೆ.

"ಎರಡೂ ತೀರ್ಸಿದ್ರೆ ಬತ್ತೀವಿ" ಅಂದಳು ಅತ್ತೆ. ಮೆಂಬರು ಬೈಕಿನ ಕೀಲಿ ಹುಡುಕಿಕೊಂಡರು.

ಹಾಗಾಗಿ ಈಗ ನನ್ನ ಸಂಜೆಗಳು ಹೀಗೇ ಕಳೆಯುತ್ತವೆ. ಮೆಣಸು ಮುಗಿದು ಹಲಸಿನ ಬೀಜ ಸುಲಿಯುವ ಕಾಲ ಬಂತು. ತಿರುವಿನ ಮನೆಯವರದು ಪೂರ್ತಿ ಬಾಕಿ ಇದೆ. ಕೆಳಗಿನ ಕೇರಿಯಲ್ಲಿ ಮೂರು ಮನೆಯದು ಅರ್ಧರ್ಧ. ಲೈಬ್ರರಿಯ ಕಿಟಕಿಯ ಹತ್ತಿರ ಕೂತು ಒಂದು ಇಡೀ ಮಧ್ಯಾಹ್ನ ಓದಿ ಎಷ್ಟು ದಿನವಾಯಿತೋ. ಹೋಗುತ್ತೇನೆ, ನಿಂತುಕೊಂಡೇ ಯಾವ ಮನೆಗೆ ಯಾವ ಪುಸ್ತಕ ಒಗ್ಗುತ್ತದೆ ಅಂತ ಆರಿಸುತ್ತೇನೆ, ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. "ಒಂದು ಗಳಿಗೆ ಕೂತ್ಕೊಳಿ ಅಮ್ಮಾ" ಅನ್ನುತ್ತಾಳೆ ಮೇಡಂ. ಕೂರಲು ಪುರುಸೊತ್ತಿಲ್ಲ. ಮಳೆಗಾಲ ಮುಗಿಯುವುದರೊಳಗೆ ಎರಡು ಸುತ್ತೂ ತೀರಬೇಕು. ಆ ಮೂಲೆಯ ಗೋಡೆಗೆ ಇನ್ನೊಂದು ದಿನದ ಕೆಲಸ ಬಾಕಿ ಇದೆ, ಅದಕ್ಕೆ ನಾನು ಮತ್ತೆ ಜನ ಕರೆಯಬೇಕು.